ಗೋಡೆಯ ಮೇಲಿನ ದಕ್ಷಿಣ

ಐವತ್ಮೂರು ವರ್ಷದ ಗಂಡಸಿಗೆ ಒಂದು ಹಾಸುಬಟ್ಟೆಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು ಎಂದರೆ ಕೇಳಿದವರು ನಕ್ಕಾರು. ಆದರೆ ಗುರುಪಾದಪ್ಪ ಕಮ್ಮಾರನಿಗೆ ಹುಟ್ಟಿದ್ದು ನಿಜ, ಮತ್ತು ಅದು ಸವತಿ ಬಂದ ಹೆಂಡತಿಗೂ ಕಡಿಮೆಯಿಲ್ಲದ ಉರಿ.

ಹುಬ್ಬಳ್ಳಿಯ ಒಂದು ಹೃದಯದ ಆಸ್ಪತ್ರೆಯ ಕ್ಯಾಥ್‌ಲ್ಯಾಬಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ತಂತ್ರಜ್ಞ. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಕೈಯ ರಕ್ತನಾಳದೊಳಗಿಂದ ಸಣ್ಣ ತಂತಿ ತೂರಿಸಿ, ಎಕ್ಸ್‌ರೇ ಚಿತ್ರ ನೋಡುತ್ತ ನೋಡುತ್ತ ಹೃದಯದ ತಡೆ ಬಿಡಿಸುವ ಕೋಣೆ ಅದು. ಡಾಕ್ಟರು ಕಾಲಡಿಯ ಪೆಡಲ್ ಒತ್ತಿದಷ್ಟು ಹೊತ್ತು ಕಿರಣ ಬೀಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಿರಣದ ಕೊಳವೆ ಮೇಜಿನ ಕೆಳಗಿರುತ್ತದೆ, ಆದ್ದರಿಂದ ಅದು ಮೊದಲು ತಾಗುವುದು ಬೆನ್ನಿಗೆ. ಬಿಸಿಲು ಬಿದ್ದರೆ ಬೆನ್ನಿಗೆ ಗೊತ್ತಾಗುತ್ತದೆ. ಈ ಕಿರಣ ಬಿದ್ದದ್ದು ಗೊತ್ತಾಗುವುದು ವಾರಗಳು ಕಳೆದ ಮೇಲೆ.

ಗುರುಪಾದಪ್ಪ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನರಗುಂದದ ಒಬ್ಬ ಬಸ್ ಡ್ರೈವರ್, ಹೃದಯ ಸರಿಹೋಗಿ ಮನೆಗೆ ಹೋದವನು, ಆರು ವಾರಕ್ಕೆ ವಾಪಸು ಬಂದಿದ್ದ. ಬೆನ್ನ ಮೇಲೆ ಅಂಗೈಯಗಲದ ಹುಣ್ಣು, ಪಟ್ಟಿ ಹಿಡಿದು ಗೆರೆ ಎಳೆದಂತೆ ಚೌಕ. ಊರಿನ ಡಾಕ್ಟರು ಹುಳುಕಡ್ಡಿ ಎಂದು ಮುಲಾಮು ಕೊಟ್ಟಿದ್ದರು. ಆ ಮನುಷ್ಯ ಮುಂದೆ ಎರಡು ವರ್ಷ ಸೀಟಿಗೆ ಬೆನ್ನು ಆನಿಸಲಿಲ್ಲ. ಅಂದಿನಿಂದ ಗುರುಪಾದಪ್ಪ ಎಣಿಸತೊಡಗಿದ. ಯಂತ್ರ ಒಟ್ಟು ಎಷ್ಟು ಕಿರಣ ಬಿತ್ತೆಂದು ತೋರಿಸುತ್ತದೆ, ಬೆನ್ನಿನ ಯಾವ ಭಾಗಕ್ಕೆ ಎಷ್ಟೆಂದು ತೋರಿಸುವುದಿಲ್ಲ. ಊರಿಗೆ ಎಷ್ಟು ಮಳೆಯಾಯಿತೆಂದು ಹೇಳಿದರೆ ಯಾರ ಮನೆ ಸೋರಿತೆಂದು ತಿಳಿಯುತ್ತದೆಯೇ? ಗುರುಪಾದಪ್ಪ ಪೆಡಲಿನ ಪ್ರತಿ ಒತ್ತನ್ನೂ ಎಣಿಸಿ, ಯಂತ್ರದ ತೋಳು ಆಗ ಯಾವ ಕಡೆ ವಾಲಿತ್ತೆಂದು ನೆನಪಿಟ್ಟು, ತಲೆಯಲ್ಲೇ ಬೆನ್ನಿನ ನಕ್ಷೆ ಬರೆದುಕೊಳ್ಳುತ್ತಿದ್ದ. ಗಾಜಿನಾಚೆಯಿಂದ ಡಾ. ವಸುಧಾ ಇನಾಮದಾರ, "ಗುರುಪಾದಪ್ಪಾ, ಎಷ್ಟಾತು?" ಎನ್ನುವರು. ಅವನು ಮೈಕಿನಲ್ಲಿ, ಬಲಗಡೆ ಇಷ್ಟು, ಎಡಗಡೆ ಇಷ್ಟು, ಇನ್ನು ಸ್ವಲ್ಪ ಆಚೆ ವಾಲಿಸಿರಿ ಎನ್ನುವನು. ಅವರು ಮರುಮಾತಿಲ್ಲದೆ ವಾಲಿಸುವರು. ದಿನಕ್ಕೆ ಎಂಟು ಹತ್ತು ಸಲ ಆ ಎರಡು ಶಬ್ದ ಕಿವಿಗೆ ಬೀಳುತ್ತಿತ್ತು. ಅದೇ ಅವನ ಪಾಲಿನ ಪದಕ, ಸನ್ಮಾನ, ಹಾರತುರಾಯಿ ಎಲ್ಲ.

ಆಮೇಲೆ ಕೌದಿ ಬಂತು.

ಅದರ ನಿಜವಾದ ಹೆಸರು ಉದ್ದ, ಯಾರ ನಾಲಿಗೆಗೂ ಹತ್ತಲಿಲ್ಲ. ಭುಜದಿಂದ ಸೊಂಟದವರೆಗೆ ಬರುವಷ್ಟು ಚೌಕದ ತೆಳ್ಳನೆಯ ಹಾಸು. ಅದರ ದಾರದಲ್ಲಿ ಹರಳಿನ ಪುಡಿ ಸೇರಿಸಿ ನೇಯ್ದಿದ್ದರು. ಬೆನ್ನಿಗೆ ಬಿದ್ದ ಕಿರಣವನ್ನು ಆ ಹರಳುಗಳು ಹಿಡಿದಿಟ್ಟುಕೊಳ್ಳುತ್ತವೆ. ಅರ್ಧ ಗಂಟೆಗೊಮ್ಮೆ ಓದಿಸಿದರೆ ಪರದೆಯ ಮೇಲೆ ನೂರು ಚೌಕಗಳು ಮೂಡಿ, ಕಡಿಮೆ ಬಿದ್ದಲ್ಲಿ ಹಸಿರು, ಹೆಚ್ಚಾದಲ್ಲಿ ಹಳದಿ, ಅಪಾಯವಿದ್ದಲ್ಲಿ ಕೆಂಪು ತೋರುತ್ತಿದ್ದವು. ಹಳೆ ಸೀರೆಯ ಚೂರುಗಳನ್ನು ಜೋಡಿಸಿ ಹೊಲಿದ ಮನೆಯ ಕೌದಿಯಂತೆಯೇ ಕಂಡದ್ದರಿಂದ ಎಲ್ಲರೂ ಕೌದಿ ಎಂದೇ ಕರೆದರು. ಒಗೆದು ತಂದವರು ಹಿಂದುಮುಂದು ಮಾಡಿ ಹಾಸಿದರೂ ತೊಂದರೆಯಾಗದಿರಲೆಂದು ಅದರ ಅಂಚಿನಲ್ಲೊಂದು ದಿಕ್ಸೂಚಿಯ ಎಳೆ ಇತ್ತು. ಈ ಕೋಣೆಯಲ್ಲಿ ರೋಗಿಯ ತಲೆ ಯಾವ ದಿಕ್ಕಿಗಿರುತ್ತದೆ ಎಂದು ಒಮ್ಮೆ ತಿಳಿಸಿಟ್ಟರೆ ಸಾಕು, ಎಡಬಲ ತಾನೇ ಸರಿಮಾಡಿಕೊಳ್ಳುತ್ತಿತ್ತು.

ಕೌದಿಯ ಜೊತೆ ರುಖಿಯಾ ನದಾಫ ಬಂದಳು. ಗದುಗಿನವಳು, ಇಪ್ಪತ್ತೇಳು ವರ್ಷ, ಭೌತಶಾಸ್ತ್ರ ಓದಿದವಳು. ಅವಳ ತಂದೆ ಅರಳೆ ಹಿಂಜಿ ಗಾದಿ ತುಂಬುವ ಕೆಲಸದವರು. "ಅಪ್ಪಾ ಗಾದಿ ಹೊಲೀತಾರ, ನಾನೂ ಹಾಸಿಗೀ ಉಸಾಬರೀನ ಮಾಡಾಕತ್ತೀನಿ, ಕಾಕಾರ" ಎಂದು ಮೊದಲ ದಿನವೇ ನಕ್ಕಳು. ಗುರುಪಾದಪ್ಪನೂ ನಕ್ಕ. ಮರುದಿನ ಇನಾಮದಾರ ಮೇಡಂ ಗಾಜಿನಾಚೆಯಿಂದ, "ರುಖಿಯಾ, ಎಷ್ಟಾತು?" ಎಂದರು. ಅವನ ನಗು ಅಲ್ಲಿಗೆ ಮುಗಿಯಿತು.

ಈಗ ಗೋಡೆಯ ಸಂಗತಿ ಹೇಳಬೇಕು. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆ ಕ್ಯಾಥ್‌ಲ್ಯಾಬಿನ ಮೇಜು ನೆಲಕ್ಕೆ ಬೋಲ್ಟು ಹಾಕಿ ಕೂತದ್ದು ಉತ್ತರಕ್ಕೇ. ಮೊದಲ ವರ್ಷ ಮುದುಕಿಯರು ಮೇಜು ಹತ್ತಲು ಒಪ್ಪದೆ ಜಗಳವಾಡಿದರು, ಒಬ್ಬ ನಿವೃತ್ತ ಮಾಸ್ತರರಂತೂ ಎದ್ದು ಮನೆಗೇ ಹೋಗಿಬಿಟ್ಟರು. ಕೋಣೆಗೆ ಕಿಟಕಿಯಿಲ್ಲ, ಸುತ್ತ ಸೀಸದ ಗೋಡೆ, ಬಿಸಿಲು ನೋಡಿ ದಿಕ್ಕು ಹೇಳುವಂತಿಲ್ಲ. ಗುರುಪಾದಪ್ಪ ಒಂದು ಹಲಗೆಗೆ ಬಣ್ಣ ಬಳಿಸಿ, ದೊಡ್ಡ ಅಕ್ಷರದಲ್ಲಿ 'ದಕ್ಷಿಣ' ಎಂದು ಬರೆಸಿ, ಉತ್ತರದ ಗೋಡೆಗೆ ಹೊಡೆದ. ಜಗಳ ನಿಂತಿತು. ಇನಾಮದಾರ ಮೇಡಂ ಅಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಆಮೇಲೆ ಮರೆತೇಬಿಟ್ಟರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಗುರುಪಾದಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಕೌದಿಯನ್ನು ಜೋಡಿಸಿದ ದಿನ ಪರದೆ ರುಖಿಯಾಳನ್ನು ಕೇಳಿತು: ರೋಗಿಯ ತಲೆ ಯಾವ ದಿಕ್ಕಿಗೆ? ಅವಳು ತಲೆಯೆತ್ತಿ ಗೋಡೆ ನೋಡಿದಳು, ದಕ್ಷಿಣ ಎಂದು ಒತ್ತಿದಳು. ಗುರುಪಾದಪ್ಪ ಅವಳ ಹಿಂದೆ ಚಹಾ ಹಿಡಿದು ನಿಂತಿದ್ದ. ಬಾಯಿ ತೆರೆದ. ಅಷ್ಟರಲ್ಲಿ ಮೇಡಂ ಒಳಗೆ ಬಂದು, ಇನ್ನು ಮೇಲೆ ಲೆಕ್ಕ ಪಕ್ಕಾ ಆಗತೈತಿ ಎಂದು ರುಖಿಯಾಳ ಭುಜ ತಟ್ಟಿದರು. ಹಾಗಾದರೆ ಇಷ್ಟು ವರ್ಷದ ತನ್ನ ಲೆಕ್ಕ ಕಚ್ಚಾ ಆಗಿತ್ತೇ? ಗುರುಪಾದಪ್ಪ ತೆರೆದ ಬಾಯಿಗೆ ಚಹಾ ಸುರಿದುಕೊಂಡ.

ಅವಳು ನೀರಿನ ಡಬ್ಬಿ ಇಟ್ಟು ಪರೀಕ್ಷೆ ಮಾಡಿದಳು. ಡಬ್ಬಿ ನಟ್ಟನಡುವೆ ಇತ್ತು, ಕಿರಣವೂ ನಟ್ಟನಡುವೆ ಬಿತ್ತು. ತಿರುಗಿಸಿ ನೋಡಿದರೂ ನಡು ನಡುವೇ. ಎಲ್ಲ ಸರಿಯಿದೆ ಎಂದಾಯಿತು. ಮುಂದಿನ ದಿನಗಳಲ್ಲಿ ಬಂದವೆಲ್ಲ ಇಪ್ಪತ್ತು ನಿಮಿಷದ ಸಣ್ಣ ಕೆಲಸಗಳು. ಕೌದಿಯೆಲ್ಲ ಹಸಿರೇ ಹಸಿರು. ಎಡ ಬಲವಾದರೂ ಬಲ ಎಡವಾದರೂ ಯಾರಿಗೂ ಏನೂ ಆಗುವಂತಿರಲಿಲ್ಲ. ಗುರುಪಾದಪ್ಪ ತನಗೆ ತಾನೇ ಒಂದು ಕರಾರು ಹಾಕಿಕೊಂಡ. ಕೇಳಿದರೆ ಹೇಳುತ್ತೇನೆ. ಎಷ್ಟಾಯಿತೆಂದು ಒಮ್ಮೆ ನನ್ನನ್ನು ಕೇಳಲಿ, ಎಲ್ಲ ಹೇಳಿಬಿಡುತ್ತೇನೆ. ಯಾರೂ ಕೇಳಲಿಲ್ಲ.

ಭಾನುವಾರ ಮನೆಗೆ ಹೋದರೆ ಅಲ್ಲಿಯೂ ಅವಳೇ. ಅವನ ಹೆಂಡತಿ ನೀಲವ್ವ ಕೌದಿ ಹೊಲಿಯುವುದರಲ್ಲಿ ಓಣಿಗೆ ಹೆಸರಾದವಳು. ಅದನ್ನು ಆಸ್ಪತ್ರೆಯಲ್ಲಿ ಯಾರೋ ಹೇಳಿದರೆಂದು ರುಖಿಯಾ ಹುಡುಕಿಕೊಂಡು ಬಂದಿದ್ದಳು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ನೀಲವ್ವನ ಜೊತೆ ದಾರ ಪೋಣಿಸುತ್ತಿದ್ದಳು. ಯಾವ ಚೂರು ಯಾರ ಸೀರೆಯದು, ಯಾರ ಬಾಣಂತನದ್ದು ಎಂದು ನೀಲವ್ವ ಹೇಳುತ್ತಿದ್ದರೆ ಅವಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವನಿಗೆಂದು ಎತ್ತಿಟ್ಟಿದ್ದ ಕಡಬು ಆ ಹುಡುಗಿಯ ತಾಟಿನಲ್ಲಿತ್ತು. ಅವಳು ಹೋದ ಮೇಲೆ ಗುರುಪಾದಪ್ಪ, ಮನೆತನಕ ಯಾಕೆ ಬಿಟ್ಟುಕೊಂಡೆ ಎಂದು ರೇಗಿದ. ನೀಲವ್ವ ಸೂಜಿಯಿಂದ ಕಣ್ಣು ಕೀಳಲಿಲ್ಲ.

"ಆಕಿ ನಿಮ್ಮ ಬಗ್ಗೇನ ಮಾತಾಡಿದ್ಲು ನೋಡ್ರಿ" ಎಂದಳು. "ನಿಮ್ಮಂಗ ಎಣಸೋದು ಕಲೀಬೇಕಂತ, ಕೇಳಾಕ ಅಂಜಿಕಿ ಅಂತ. ಮಾರಿ ಗಂಟು ಹಾಕ್ಕೊಂಡು ಕುಂತಿರ್ತೀರಂತಲ್ಲ."

ಆಗಲೇ ಹೇಳಿಬಿಡಬೇಕಿತ್ತು. ಆದರೆ ಹೊಟ್ಟೆಕಿಚ್ಚಿಗೆ ಒಳ್ಳೆಯ ಮಾತೂ ಎಣ್ಣೆಯೇ. ತನ್ನ ಬಗ್ಗೆ ಕನಿಕರ ಪಡುವಷ್ಟು ದೊಡ್ಡವಳಾದಳೇ ಎಂದು ಅವನಿಗೆ ಇನ್ನಷ್ಟು ಉರಿಯಿತು.

ಹನ್ನೊಂದನೆಯ ದಿನ ಗಂಗವ್ವ ಹಡಪದ ಬಂದಳು. ಅರವತ್ತೆರಡು ವರ್ಷ, ಹಳೇ ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು, ದಪ್ಪ ಮೈ. ಅವಳ ಹೃದಯದ ಒಂದು ನಾಳ ಪೂರಾ ಮುಚ್ಚಿ ಎಷ್ಟೋ ತಿಂಗಳಾಗಿತ್ತು. ಅದನ್ನು ತೆರೆಯುವುದು ಎರಡು ಗಂಟೆಗೂ ಮೀರಿದ ಕೆಲಸ. ಮೈ ದಪ್ಪವಿದ್ದಷ್ಟೂ ಚಿತ್ರಕ್ಕೆ ಹೆಚ್ಚು ಕಿರಣ ಬೇಕು. ಗುರುಪಾದಪ್ಪನಿಗೆ ಇದೆಲ್ಲ ಗೊತ್ತಿತ್ತು. ಅವಳು ಮೇಜಿನ ಬಳಿ ನಿಂತು ಎಲ್ಲರೂ ಕೇಳುವುದನ್ನೇ ಕೇಳಿದಳು.

"ತಲಿ ಯಾವ ಕಡೆ ಆಗತೈತಿ, ತಮ್ಮಾ?"

"ದಕ್ಷಿಣಕ್ಕರೀ ಯವ್ವಾ. ನೋಡ್ರಿ, ಗ್ವಾಡಿ ಮ್ಯಾಲ ಬರದೈತಿ."

"ನನಗ ಓದಾಕ ಬರಂಗಿಲ್ಲ. ನೀ ಹೇಳಿದಿ ಅಂದ್ರ ಆತು." ಮೇಜು ಹತ್ತಿ ಮಲಗಿ, ಮತ್ತೆ ಅವನ ಮುಖ ನೋಡಿದಳು. "ನಮ್ಮ ಮೈದುನಗ ಇಲ್ಲೇ ಮಾಡಿದ್ರು. ಒಬ್ಬಾಂವ ಕುಂತು ಎಣಸ್ತಾನ, ಬೆನ್ನು ಸುಡಗೊಡಂಗಿಲ್ಲ ಅಂತ ಹೇಳಿದ್ದ. ನೀನ ಏನು?"

ಗುರುಪಾದಪ್ಪ ಹೂಂ ಎಂದ. ಎಷ್ಟೋ ದಿನದ ಮೇಲೆ ಎದೆ ತಣ್ಣಗಾಯಿತು.

ಕೆಲಸ ಶುರುವಾಯಿತು. ಮೇಡಂ ಎರಡು ಕೋನದಲ್ಲಿ ಅದಲುಬದಲು ನೋಡುತ್ತಿದ್ದರು. ಮೇಲಿನ ಕ್ಯಾಮೆರಾ ಎಡಕ್ಕೆ ವಾಲಿದರೆ ಕೆಳಗಿನ ಕೊಳವೆ ಬಲಕ್ಕೆ ಹೋಗುತ್ತದೆ, ಬಲ ಬೆನ್ನಿಗೆ ಕಿರಣ ಬೀಳುತ್ತದೆ. ಬಲಕ್ಕೆ ವಾಲಿದರೆ ಎಡ ಬೆನ್ನಿಗೆ. ಈ ಉಲ್ಟಾ ಲೆಕ್ಕ ಅನುಭವಸ್ಥರನ್ನೂ ಮುಗ್ಗರಿಸುತ್ತದೆ, ಅದರಲ್ಲಿ ಇನ್ನೊಂದು ಉಲ್ಟಾ ಸೇರಿದರೆ ಹಿಡಿಯುವುದು ಯಾರು? ಅರ್ಧ ಗಂಟೆಗೆ ರುಖಿಯಾ ಕೌದಿ ಓದಿಸಿದಳು. ಎಡ ಬೆನ್ನು ಹಳದಿಯಾಗಿದೆ, ಎರಡೂವರೆ ಗ್ರೇ. ಬಲ ಇನ್ನೂ ಹಸಿರು ಎಂದಳು. ಗ್ರೇ ಎಂದರೆ ಕಿರಣದ ಅಳತೆ. ಎರಡು ದಾಟಿದರೆ ಚರ್ಮ ಕೆಂಪಾಗಬಹುದು, ಐದು ದಾಟಿದರೆ ಕಲೆ ಉಳಿಯಬಹುದು, ಹತ್ತು ಹನ್ನೆರಡಕ್ಕೆ ಹೋದರೆ ನರಗುಂದದ ಡ್ರೈವರನ ಬೆನ್ನು. ಗುರುಪಾದಪ್ಪನ ತಲೆಯ ನಕ್ಷೆಯಲ್ಲೂ ಎರಡೂವರೆಯೇ ಇತ್ತು, ಆದರೆ ಬಲಗಡೆ.

ಮೇಡಂ ಎಡವನ್ನು ಉಳಿಸಲೆಂದು ಕ್ಯಾಮೆರಾವನ್ನು ಎಡಕ್ಕೆ ವಾಲಿಸಿ ಅಲ್ಲೇ ನಿಲ್ಲಿಸಿದರು. ಮುಂದಿನದೆಲ್ಲ ಈಗಾಗಲೇ ತುಂಬಿದ ಬಲಕ್ಕೇ.

ಅವನು ಮಾತಾಡಲಿಲ್ಲ. ಇನ್ನು ಅರ್ಧ ಗಂಟೆಗೆ ಕೌದಿಯನ್ನು ಮತ್ತೆ ಓದಿಸುತ್ತಾರೆ. ಕಿರಣವೇ ಬೀಳದ ಎಡಗಡೆ ಇದ್ದಕ್ಕಿದ್ದಂತೆ ಕೆಂಪಾಗಿ ಕಾಣುತ್ತದೆ. ಆಗ ಹುಡುಗಿಯ ಮುಖ ಬಿಳಿಚಿಕೊಳ್ಳುತ್ತದೆ, ಮೇಡಂ ದಿಕ್ಕು ತಪ್ಪುತ್ತಾರೆ, ಕೊನೆಗೆ ಗುರುಪಾದಪ್ಪನ ಕಡೆ ತಿರುಗಲೇಬೇಕು. ಆಗ ಆಡಬೇಕಾದ ಮಾತನ್ನೂ ಅವನು ಜೋಡಿಸಿಟ್ಟುಕೊಂಡ. ಪೆಡಲಿನ ಒತ್ತು ಬೀಳುತ್ತಲೇ ಇತ್ತು. ಮೂರು. ಮೂರೂವರೆ. ತನ್ನೆರಡು ಕಣ್ಣು ಹೋದರೂ ಚಿಂತೆಯಿಲ್ಲ, ಪಕ್ಕದವನ ಒಂದು ಕಣ್ಣು ಹೋಗಲಿ ಎನ್ನುವವರನ್ನು ಕಂಡು ಅವನು ನಕ್ಕಿದ್ದುಂಟು. ಅವರಾದರೂ ತಮ್ಮ ಕಣ್ಣು ಕೊಡುತ್ತಾರೆ. ಇವನು ಕೊಡುತ್ತಿದ್ದದ್ದು ಗಂಗವ್ವನ ಬೆನ್ನು. ನಾಲ್ಕು. ನಾಲ್ಕೂವರೆ.

ಆಗ ಒಳಗಿನ ಮೈಕಿನಿಂದ ಗಂಗವ್ವನ ದನಿ ಬಂತು. ಈ ಕೆಲಸದಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಮಲಗಿ ಮಲಗಿ ಅವಳಿಗೆ ಬೇಸರವಾಗಿತ್ತು.

"ತಮ್ಮಾ, ಎಣಸಾಕತ್ತೀಯಿಲ್ಲೋ? ಎಷ್ಟಾತು?"

ಹನ್ನೊಂದು ದಿನ ಕಾದಿದ್ದ ಪ್ರಶ್ನೆ. ಕೇಳಬೇಕಾದವರು ಕೇಳಲಿಲ್ಲ, ಬೆನ್ನು ಕೊಟ್ಟವಳು ಕೇಳಿದಳು. ಗುರುಪಾದಪ್ಪ ಮೈಕಿನ ಗುಂಡಿ ಒತ್ತಿದ. ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ.

"ಪೆಡಲ್ ಬಿಡ್ರಿ ಮೇಡಂ" ಎಂದ. "ತುಂಬಿದ್ದು ಎಡಗಡೆ ಅಲ್ಲರಿ, ಬಲಗಡೆ. ಐದಕ್ಕ ಬಂದೈತಿ. ಕೌದಿ ತಿರುವುಮುರುವು ಓದಾಕತ್ತೈತಿ. ಆ ಗ್ವಾಡಿ ದಕ್ಷಿಣ ಅಲ್ಲರಿ, ಉತ್ತರ."

ಪೆಡಲ್ ನಿಂತಿತು. ರುಖಿಯಾ ಗೋಡೆ ನೋಡಿದಳು, ಪರದೆ ನೋಡಿದಳು, ಕೂಡಲೇ ದಿಕ್ಕು ಬದಲಿಸಿ ಕೌದಿಯನ್ನು ಓದಿಸಿದಳು. ಬಲಗಡೆ ಕೆಂಪು ಮೂಡಿತು: ನಾಲ್ಕು ಪಾಯಿಂಟ್ ಒಂಬತ್ತು. ಮೇಡಂ ಮುಖಗವಸಿನ ಮೇಲಿಂದ ಗಾಜಿನ ಕಡೆ ನೋಡಿದರು.

"ಎಷ್ಟು ದಿನದಿಂದ ಗೊತ್ತಿತ್ತು?"

"ಹನ್ನೊಂದು ದಿನಾತ್ರಿ."

"ಹಂಗಾರ ನನ್ನ ತಲಿ ಉತ್ತರಕ್ಕೈತೇನು?" ಎಂದಳು ಗಂಗವ್ವ. ಅವಳ ನಾಡಿಯ ಬಡಿತ ಎಪ್ಪತ್ತೆಂಟರಿಂದ ನೂರ ಹದಿನೈದಕ್ಕೆ ಏರಿತು. ಮೈ ಬಿಗಿದು ಏಳಲು ನೋಡಿದಳು. ತಂತಿ ಹೃದಯದೊಳಗಿರುವಾಗ ಅದು ಪ್ರಾಣಕ್ಕೇ ಸಂಚಕಾರ. ರುಖಿಯಾ ಸೀಸದ ಏಪ್ರನ್ ಹಾಕಿಕೊಂಡು ಒಳಗೆ ಓಡಿದಳು, ಗಂಗವ್ವನ ತಲೆಯ ಬಳಿ ಕುಳಿತು ಹಣೆಯ ಮೇಲೆ ಕೈಯಿಟ್ಟಳು. ನನ್ನ ಕೈ ಈಗ ನಿಮ್ಮ ತಲೆಗೂ ಉತ್ತರಕ್ಕೂ ನಡುವೆ ಇದೆ, ಕೆಲಸ ಮುಗಿಯುವತನಕ ತೆಗೆಯುವುದಿಲ್ಲ ಎಂದಳಂತೆ. ಒಂದು ಗಂಟೆ ಹತ್ತು ನಿಮಿಷ ತೆಗೆಯಲಿಲ್ಲ. ಮೇಡಂ ಕ್ಯಾಮೆರಾವನ್ನು ಬಲಕ್ಕೆ ವಾಲಿಸಿ, ಕಿರಣವನ್ನು ಹಸಿರಿದ್ದ ಎಡ ಬೆನ್ನಿಗೆ ಹಂಚಿ, ನಾಳ ತೆರೆದರು.

ಆಮೇಲೆ ಕೈ ತೊಳೆಯುವಲ್ಲಿ ಮೇಡಂ ಅವನಿಗೆ ಎರಡೇ ಮಾತು ಹೇಳಿದರು. ದನಿ ಏರಿಸಲಿಲ್ಲ.

"ನಿಮ್ಮ ಲೆಕ್ಕ ತಪ್ಪಿದ್ರ ಕ್ಷಮಾ ಮಾಡತಿದ್ದೆ. ಲೆಕ್ಕ ಬರೋಬ್ಬರಿ ಇತ್ತು. ಅದಕ್ಕ ನನ್ನ ಕಡಿಂದ ಆಗವಲ್ದು."

ಆಸ್ಪತ್ರೆಗೆ ಕೊಟ್ಟ ವರದಿಯಲ್ಲಿ ಮೇಡಂ ತಮ್ಮ ತಪ್ಪನ್ನೂ ಬರೆದರು, ಆ ಹಲಗೆ ಸುಳ್ಳೆಂದು ತಾವೂ ಒಮ್ಮೆ ಬಲ್ಲವರೇ ಎಂದು. ರುಖಿಯಾ, ನಡುವಿಗೊಂದೇ ಪರೀಕ್ಷೆ ಮಾಡಿ ಬಿಟ್ಟದ್ದು ತನ್ನ ತಪ್ಪು ಎಂದು ಬರೆದಳು. ಕೊನೆಗೆ ಹೇಳಿದನೆಂಬ ಕಾರಣಕ್ಕೆ ಗುರುಪಾದಪ್ಪನಿಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ಮನೆಯಲ್ಲಿ ನೀಲವ್ವ ಸೂಜಿ ಕೆಳಗಿಟ್ಟು ಎಲ್ಲ ಕೇಳಿದಳು. ಹೊಲಿದು ಮುಗಿಸಿದ್ದ ಕೌದಿಯನ್ನು ಮಡಚಿ, ಇದು ಗಂಗವ್ವಗ ಎಂದು ಬದಿಗಿಟ್ಟಳು. ಒಯ್ದು ಕೊಡುವ ಧೈರ್ಯ ಅವನಿಗೆ ಬರಲಿಲ್ಲ. ರುಖಿಯಾಳೇ ಒಯ್ದಳು. ವಾರಕ್ಕೊಮ್ಮೆ ಹೋಗಿ ಬೆನ್ನು ನೋಡಿಕೊಂಡು ಬರುತ್ತಿದ್ದವಳೂ ಅವಳೇ. ಅದಕ್ಕೂ ಅವನಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು.

ಆರು ವಾರಕ್ಕೆ ಗಂಗವ್ವ ತಪಾಸಣೆಗೆ ಬಂದಳು. ಬಲ ಬೆನ್ನಲ್ಲಿ ಅಂಗೈಯಗಲದ ಚೌಕ, ತೆಳು ಕಂದು ಬಣ್ಣ. ಹುಣ್ಣಿಲ್ಲ, ಉರಿಯಿಲ್ಲ, ವರ್ಷದಲ್ಲಿ ಮಾಸಬಹುದು ಎಂದರು ಮೇಡಂ. ಗುರುಪಾದಪ್ಪ ಬಾಗಿಲ ಬಳಿ ನಿಂತಿದ್ದ. ಅವನ ತಲೆಯ ನಕ್ಷೆಯಲ್ಲಿದ್ದ ಜಾಗದಲ್ಲೇ, ಅಷ್ಟೇ ಅಗಲಕ್ಕೆ ಅದು ಮೂಡಿತ್ತು. ಗಂಗವ್ವ ಸೆರಗು ಸರಿಮಾಡಿಕೊಂಡು ಅವನೆದುರು ಬಂದು ನಿಂತಳು. ಬೈಯುತ್ತಾಳೆಂದು ಅವನು ಕಾದ.

"ಉತ್ತರಕ್ಕ ತಲಿ ಹಾಕಿ ಮಲಗಿ ಎದ್ದು ಬಂದೇನಿ, ತಮ್ಮಾ. ಇನ್ನ ನನಗ ಯಾವ ದಿಕ್ಕಿನ ಅಂಜಿಕೀನೂ ಇಲ್ಲ" ಎಂದಳು. "ನಿನ್ನ ಮಾತಿನ ಅಂಜಿಕಿ ಹತ್ತೈತಿ ನೋಡು."

ಆ ಮಧ್ಯಾಹ್ನ ಅವನು ಏಣಿ ತಂದು ಹಲಗೆ ಕಿತ್ತ. ಹತ್ತೊಂಬತ್ತು ವರ್ಷದ ಮೇಲೆ ಅಲ್ಲಿ ಗೋಡೆಯ ಹಳೆಯ ಬಣ್ಣ ಬೆಳ್ಳಗೆ ಉಳಿದಿತ್ತು, ಅದೂ ಚೌಕವಾಗಿ. ಅನಂತರ ಬಂದ ಮೊದಲ ಮುದುಕ ತಲೆ ಯಾವ ಕಡೆ ಎಂದು ಕೇಳಿದಾಗ ಉತ್ತರ ಎಂದ. ಮುದುಕ ಮೇಜು ಹತ್ತಲು ಒಪ್ಪಲಿಲ್ಲ. ರುಖಿಯಾ ಬಂದು ಅವನ ತಲೆಗೂ ಗೋಡೆಗೂ ನಡುವೆ ಕೈ ಹಿಡಿದಳು, ಹತ್ತಿದ. ಆ ಕೋಣೆಯ ಪದ್ಧತಿಯೇ ಮುಂದೆ ಅದಾಯಿತು.

ಮುದುಕನದೂ ಉದ್ದದ ಕೆಲಸ. ಅವನು ಮಲಗಿ ನಿರಾಳವಾದ ಮೇಲೆ ರುಖಿಯಾ ತನ್ನ ಪರದೆಗೆ ಮರಳಿದ್ದಳು. ಗುರುಪಾದಪ್ಪ ತನ್ನ ಸ್ಟೂಲಿನ ಮೇಲೆ ಕುಳಿತು ರೂಢಿಯಂತೆ ಎಣಿಸುತ್ತಿದ್ದ. ಮುಕ್ಕಾಲು ಗಂಟೆಯಾದ ಮೇಲೆ ಗಾಜಿನಾಚೆಯಿಂದ ಮೇಡಂ, "ಗುರು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅವನು ಮೈಕಿನ ಕಡೆ ಅರ್ಧ ಬಾಗಿದ್ದ.

"ರುಖಿಯಾ, ಎಷ್ಟಾತು?"

ರುಖಿಯಾ ಕೌದಿ ಓದಿಸಿದಳು. ಎಡಕ್ಕೆ ಮೂರು ಪಾಯಿಂಟ್ ಒಂದು ಎಂದಳು. ಗುರುಪಾದಪ್ಪನ ಬಾಯಲ್ಲಿ ಸಿದ್ಧವಾಗಿದ್ದದ್ದು ಎರಡು ಪಾಯಿಂಟ್ ಎಂಟು. ಕೌದಿ ತಪ್ಪಿತು ಎಂದು ಒಂದು ಗಳಿಗೆ ಹಿಗ್ಗಿದ. ಮತ್ತೆ ಮೊದಲಿನಿಂದ ತಲೆಯಲ್ಲೇ ಕೂಡಿಸಿ ನೋಡಿದ. ಎರಡು ಉದ್ದನೆಯ ಒತ್ತು ಬಿಟ್ಟುಹೋಗಿದ್ದವು. ಆ ಹೊತ್ತಿನಲ್ಲಿ ಅವನು ಪೆಡಲನ್ನು ಕೇಳುತ್ತಿರಲಿಲ್ಲ. ತನ್ನ ಹೆಸರು ಬರುತ್ತದೇನೋ ಎಂದು ಮೇಡಂ ಮುಖವನ್ನೇ ನೋಡುತ್ತಿದ್ದ.

ನರಗುಂದದ ಡ್ರೈವರನ ನಂತರ ಎಣಿಸತೊಡಗಿದ ಮೇಲೆ ಅವನ ಲೆಕ್ಕ ತಪ್ಪಿದ್ದು ಇದೇ ಮೊದಲು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಆ ಪರದೆಯ ಎದುರಿಗೆ ಬಂದ, ಇಷ್ಟು ದಿನ ಓರೆಗಣ್ಣಲ್ಲಷ್ಟೇ ನೋಡಿದ್ದ ಪರದೆಯ ಎದುರಿಗೆ. ಪೆಡಲ್ ಮತ್ತೆ ಶುರುವಾಗಿತ್ತು. ಎರಡು ಒತ್ತು ಕಳೆದವು.

"ಎಷ್ಟಾತವ್ವಾ?" ಎಂದು ರುಖಿಯಾಳನ್ನು ಕೇಳಿದ.